ದೇಸಕಾಲರು

ಘಂಟಿಕೇರಿಯ ಹೆಣ್ಣುಮಕ್ಕಳ ಬೋರ್ಡಿಂಗಿನಲ್ಲಿ
ನನಗೊಂದು ಹೆಸರಿತ್ತು. ನನ್ನೊಬ್ಬಳದೇ ಅಲ್ಲ,
ಹನ್ನೊಂದು ಮಂದಿಯದು:
ದೇಸಕಾಲರು.

ಸಂಶಿಯಲ್ಲಿ ಮುಂಜಾನೆ ಗಾಡಿ ಹತ್ತಿ,
ಕುಂದಗೋಳದಲ್ಲಿ ದಿಲ್‌ಶಾದಳಿಗೆ ಜಾಗ ಹಿಡಿದಿಟ್ಟು,
ಕಣ್ಣಲ್ಲಿ ಕಲ್ಲಿದ್ದಲ ಕಣ ಹೊತ್ತು
ಪ್ರಾರ್ಥನೆ ಮುಗಿಯುವಾಗ ಓಡಿ ಬರುವವರು.
ಐದೂವರೆಯ ಗಾಡಿಗೆಂದು
ಹೊಲಿಗೆ ತರಗತಿಯ ನಡುವೆಯೇ ಎದ್ದು ಹೋಗುವವರು,
ಸೂಜಿ ಬಟ್ಟೆಯಲ್ಲೇ ಬಿಟ್ಟು.
ಮಸ್ಟರಿನಲ್ಲಿ ಹೆಸರಿತ್ತು,
ತಾಟು ತೂಗುಹಾಕಲು ಮೊಳೆ ಇರಲಿಲ್ಲ.

"ದೇಸಕಾಲ್ರು ಈ ಕಡೆ ಸರೀರೆವಾ,
ನಿಮ್ಮ ಬುತ್ತಿ ನೀವು ಬಿಚ್ಚಿರಿ" ಅನ್ನುತ್ತಿದ್ದಳು ಶಿವಗಂಗವ್ವ,
ಅಂದು, ಯಾರೂ ನೋಡದಾಗ
ಒಂದು ಸೌಟು ಬಿಸಿ ಸಾರು ನಮ್ಮ ತಂಗಳ ರೊಟ್ಟಿಯ ಮೇಲೆ.

ಪದದ ಹುಟ್ಟು ಕೇಳಿದವರು ಪಂಢರಿನಾಥ ಮಾಸ್ತರೊಬ್ಬರೇ.
ಉತ್ತರವನ್ನೂ ಅವರೇ ಹೇಳಿಕೊಂಡರು:
ಸಂಕಲ್ಪಕ್ಕೆ ಕೂತವನು ಮೊದಲು ದೇಶಕಾಲ ಹೇಳಬೇಕಷ್ಟೆ,
ಎಲ್ಲಿದ್ದೇನೆ, ಯಾವ ಗಳಿಗೆಯಲ್ಲಿ.
ಗಾಡಿಯ ವೇಳೆ ಬಾಯಿಪಾಠವಿರುವ ನಿಮಗಿಂತ
ಅದನ್ನು ಬಲ್ಲವರು ಯಾರು?
ಹಿಂದಿನ ಬೆಂಚಿನಲ್ಲಿ ನಾವು
ಒಂದು ಇಂಚು ಎತ್ತರವಾದೆವು.

ಆದರೂ ಮಹಾನಂದಾ ಮತ್ತವಳ ಗುಂಪು
ಬೆಳಿಗ್ಗೆ ಮುಖ ನೋಡಿಕೊಂಡು ನಗುತ್ತಿತ್ತು.
ರಾತ್ರಿ ಹುಟ್ಟಿದ ಮಾತಿನ ಬಾಲ ಮಾತ್ರ ನಮಗೆ ಸಿಗುತ್ತಿತ್ತು,
ತಲೆ ಅವರ ಹಾಸಿಗೆಯಲ್ಲೇ ಉಳಿದಿರುತ್ತಿತ್ತು.
ದೀಪ ಆರಿದ ಮೇಲೆ ಆ ಮನೆ ಹೇಗಿರುತ್ತದೆ
ಎಂದು ಆರು ವರ್ಷ ಊಹಿಸಿದೆ.

ಈಗ ಅದು ಬರೀ ಟ್ರಸ್ಟಿನ ಕಚೇರಿ.
ಪದಗಳ ಚೀಟಿ ಬರೆಯುವ ನನ್ನ ಚಟ ಗೊತ್ತಿದ್ದವರು
ಹಳೆಯ ಮಸ್ಟರುಗಳ ಗಂಟು ಬಿಚ್ಚಿಕೊಟ್ಟರು.
ಮೊದಲ ಪುಸ್ತಕ, ಕಾರಕೂನ ಕಲಿವಾಳರ ಅಕ್ಷರ:
ಡೇ ಸ್ಕಾಲರ.
ಮರುವರ್ಷ ನಡುವಿನ ಸಂದು ಮುಚ್ಚಿತು.
ಟಾಕಿನ ಮೊನೆ ಸವೆದ ಒಂದು ಮಳೆಗಾಲ
ಡ ಕೊಂಚ ದ ಆಯಿತು.
ಮುಂದೆ ಬಂದವರು ಅದನ್ನೇ ನಕಲು ಮಾಡಿದರು,
ಒತ್ತಕ್ಷರ ಬಾರದ ಶಿವಗಂಗವ್ವ ಉಳಿದದ್ದನ್ನು ಹದ ಮಾಡಿದಳು.
ಅಷ್ಟೇ. ದೇಶವೂ ಇಲ್ಲ, ಕಾಲವೂ ಇಲ್ಲ.
ಹಗಲಿಗೆ ಬಂದು ಹೋಗುವ ಹುಡುಗಿ.

ನಗು ಬಂತು, ಮಾಸ್ತರು ಇದ್ದಿದ್ದರೆ ಎಂದು.
ಆಮೇಲೆ ಅಷ್ಟು ಬರಲಿಲ್ಲ.

ಹಾಳೆ ತಿರುವುವಾಗ ಕಂಡಿತು ರಾತ್ರಿಯ ಹಾಜರಿ.
ಇದ್ದವರು ನಲವತ್ತೆರಡು, ಶಾಯಿಯಲ್ಲಿ.
ಅದರ ಕೆಳಗೆ ಮೋಟೆಬೆನ್ನೂರಬಾಯಿಯ ಪೆನ್ಸಿಲ್,
ನಮ್ಮನ್ನು ಕಂಡರೆ ಹುಬ್ಬು ಗಂಟಿಕ್ಕುತ್ತಿದ್ದ ಅದೇ ಬಾಯಿ:
ದೇಸಕಾಲರು ಹನ್ನೊಂದು. ಮುಟ್ಟಿರಬೇಕು.
ಮರುದಿನ: ಹನ್ನೊಂದು. ಮುಟ್ಟಿರಬೇಕು.
ನನಗೆ ಜ್ವರ ಬಂದ ವಾರ: ಹತ್ತು.
ಒಂದು ದಿನ: ಗಾಡಿ ತಡವಂತೆ. ಹೊರಗಿನ ದೀಪ ಹಾಗೇ ಇರಲಿ.

ದೀಪ ಯಾಕೆ, ನಾವು ಅತ್ತ ಹೋದವರು,
ಇತ್ತ ಬರುವವರಲ್ಲವಲ್ಲ.

ಚೀಟಿಯಲ್ಲಿ ಪದ ಬರೆದೆ. ನಾಮಪದ, ಬಹುವಚನ.
ಮೂಲ: ಇಂಗ್ಲಿಷ್, ಕಲಿವಾಳರ ಟಾಕು, ಶಿವಗಂಗವ್ವನ ನಾಲಿಗೆ.
ಅರ್ಥ ಎಂಬಲ್ಲಿ
ಹೊರಗಿರುವವರು ಎಂದು ಬರೆದು, ಹೊಡೆದುಹಾಕಿ,
ಸುಮ್ಮನೆ ಕೂತೆ.

ಗಡಿಯಾರ ನೋಡಿ ಥಟ್ಟನೆ ಎದ್ದೆ.
ಐದೂವರೆಯ ಗಾಡಿ ಈಗ ಐದು ನಲವತ್ತಕ್ಕೆ,
ಕಾಲಿಗೆ ಅದು ಇನ್ನೂ ಗೊತ್ತಿಲ್ಲ.
ಕೀಲಿ ಹಾಕಲು ಕಾದಿದ್ದ ಸಿಪಾಯಿ ಹುಡುಗ
ಗೇಟಿನವರೆಗೆ ನನ್ನ ಚೀಲ ಹಿಡಿದು ಬಂದ.
"ಕತ್ತಲಾಕ್ಕೈತಿ, ಬಾಯಾರ.
ಮನಿ ಮುಟ್ಟಿದ ಮ್ಯಾಲ ಒಂದು ಫೋನ್ ಹಚ್ರಿ."